ಡೊಂಬಿವಲಿಯಲ್ಲಿದ್ದುಕೊಂಡು ಸದಾಶಿವ ರಾಯರನ್ನು ಕಲಿತದ್ದು

ಮೈಸೂರಿನ ವಾಗ್ಗೇಯಕಾರ (ಹಾಡು ಕಟ್ಟಿ ರಾಗ ಹಾಕುವವರು) ವಾಸುದೇವಾಚಾರ್ಯರ ಹೆಸರು ಮುಂಬೈನ ಮಾಟುಂಗದಲ್ಲಿ ಸಂಗೀತ ಕಛೇರಿ ಕೇಳುವವರಿಗೆಲ್ಲ ಗೊತ್ತು. ಅಲ್ಲಿಯವರೇ ಆದ ಇನ್ನೊಬ್ಬ ವಾಗ್ಗೇಯಕಾರ ಮೈಸೂರು ಸದಾಶಿವ ರಾಯರು ಅಂದರೆ ‘ಯಾರವರು?’ ಅಂತ ಕೇಳುತ್ತಾರೆ. ಎರಡು ವರ್ಷದ ಹಿಂದೆ ನನಗೂ ಹೆಸರೊಂದೇ ಗೊತ್ತಿತ್ತು.

ಆಗ ನಮ್ಮ ಗುರುಗಳು ರಾಯರ ಕೃತಿ ‘ನರಸಿಂಹುಡು ಉದಯಿಂಚೆನು’ ಪಾಠ ಶುರು ಮಾಡಿದರು. ಕಮಲಮನೋಹರಿ ರಾಗ. ಇದರಲ್ಲಿ ರಿಷಭವೇ (‘ರಿ’ ಸ್ವರ) ಇಲ್ಲ. ಏರುವ ಆರೋಹಣ ಸ ಗ ಮ ಪ ನಿ ಸ, ಇಳಿಯುವ ಅವರೋಹಣದಲ್ಲಿ ಮಾತ್ರ ಧೈವತ (ಧ) ಬರುತ್ತದೆ. ಪುಸ್ತಕದಲ್ಲಿ ಬರೆದುಕೊಂಡಾಗ ಸುಲಭ ಅನ್ನಿಸಿತ್ತು. ಬಾಯಿ ಬಿಟ್ಟರೆ ಕಷ್ಟ! ಮೊದಲ ಪಾಠವಾದ ಸರಳೆ ವರಸೆಯಿಂದಲೂ ‘ಮ ಗ ರಿ ಸ’ ಅಂತ ಇಳಿದು ಅಭ್ಯಾಸ ಆಗಿರುವ ಗಂಟಲು. ಗಾಂಧಾರದಿಂದ (ಗ) ಸೀದಾ ಷಡ್ಜಕ್ಕೆ (ಸ) ಬಾ ಅಂದರೆ ಬರುವುದಿಲ್ಲ. ಗುರುಗಳು ತಾಳ ನಿಲ್ಲಿಸಿ, ‘ಅಲ್ಲಿ ರಿಷಭ ಎಲ್ಲಿಂದ ಬಂತಮ್ಮ?’ ಅನ್ನುತ್ತಿದ್ದರು.

ಸಾಹಿತ್ಯವನ್ನು ಬದಿಗಿಟ್ಟೆ. ಮೂರು ವಾರ ‘ಮ ಗ ಸ’ ಅಷ್ಟೇ. ಬೆಳಿಗ್ಗೆ ತಂಬೂರಿ ಆ್ಯಪ್ ಹಾಕಿಕೊಂಡು, ಸಂಜೆ ಸ್ಲೋ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಬ್ಯಾಗಿನ ಮೇಲೆ ತಾಳಕ್ಕೆ ಬೆರಳು ಮಡಿಸುತ್ತಾ. ಒಂದು ದಿನ ಠಾಣೆ ದಾಟುವ ಹೊತ್ತಿಗೆ ಗಂಟಲು ತಾನಾಗಿ ಷಡ್ಜಕ್ಕೆ ಇಳಿಯಿತು. ಆಮೇಲೇ ಸಾಹಿತ್ಯ ಹಿಡಿದದ್ದು.

ಹಾಡು ಬಾಯಿಗೆ ಕೂತ ಮೇಲೆ ಈ ಸದಾಶಿವ ರಾಯರು ಯಾರು ಅಂತ ಹುಡುಕಿದೆ. ತ್ಯಾಗರಾಜರ ಶಿಷ್ಯ ವಾಲಾಜಪೇಟೆ ವೆಂಕಟರಮಣ ಭಾಗವತರ ಹತ್ತಿರ ಕಲಿತವರು. ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿದ್ದರು. ವೀಣೆ ಶೇಷಣ್ಣನವರು ಹಾಡುಗಾರಿಕೆ ಕಲಿತದ್ದು ಇವರಲ್ಲೇ. ಮೈಸೂರಿನಲ್ಲಿದ್ದರೂ ಬರೆದದ್ದು ತೆಲುಗು ಮತ್ತು ಸಂಸ್ಕೃತದಲ್ಲಿ, ಹಾಡಿನಲ್ಲಿ ಸೇರಿಸುವ ಅಂಕಿತ ‘ಸದಾಶಿವ’. ಸಾವೇರಿ ರಾಗದ ‘ಶ್ರೀ ಕಾಮಕೋಟಿ’, ಕಾಂಭೋಜಿ ರಾಗದ ‘ಸಾಮ್ರಾಜ್ಯದಾಯಕೇಶ’ ಕೇಳಿ ನೋಡಿ. ಇಂಥವರನ್ನು ನಾವೇ ಹಾಡದಿದ್ದರೆ ಇನ್ಯಾರು ಹಾಡಬೇಕು, ಅಲ್ವಾ?

ಹೋದ ರಾಮನವಮಿಗೆ ಒಂದು ಕಡೆ ಈ ಕೃತಿ ಹಾಡಲು ಕೂತೆ. ನಿರೂಪಣೆ ಮಾಡುವವರು ‘ಮುಂದಿನದು ತ್ಯಾಗರಾಜರ ಕೃತಿ’ ಅಂದುಬಿಟ್ಟರು. ಮನಸ್ಸಿಗೆ ಚುಚ್ಚಿತು. ಮೈಕ್ ತಗೊಂಡು, ‘ಇದು ಮೈಸೂರು ಸದಾಶಿವ ರಾಯರದ್ದು’ ಅಂತ ಹೇಳಿ, ಆಮೇಲೆ ಶುರು ಮಾಡಿದೆ. ಈಗ ಎಲ್ಲೇ ಹಾಡಿದರೂ ಮೊದಲು ಹೆಸರು ನಾನೇ ಹೇಳುತ್ತೇನೆ.

ಸದ್ಯ ತೋಡಿ ರಾಗದ ‘ತ್ಯಾಗರಾಜಸ್ವಾಮಿ ವೆಡಲಿನ’ ಪಾಠ ನಡೀತಿದೆ. ತಮ್ಮ ಗುರುವಿನ ಗುರುವಿನ ಮೇಲೆ ರಾಯರು ಕಟ್ಟಿದ ಹಾಡು. ಪಲ್ಲವಿ ಆಗಿದೆ. ತೋಡಿಯ ಗಾಂಧಾರ ಇನ್ನೂ ಅಲುಗಾಡುತ್ತಿದೆ, ನಾಳೆ ಪಾಠದಲ್ಲಿ ಮತ್ತೆ ಅದೇ.