ಮಲೆನಾಡಿನ ಮಳೆಗಾಲಕ್ಕೆ ಒಂದು ಆರ್ಕಿಡ್ ಮನೆ

ಮೂಡಿಗೆರೆ ಸೀಮೆಯಲ್ಲಿ ಆರ್ಕಿಡ್‌ಗೆ ನೀರು ಹಾಕುವುದು ಕಷ್ಟವಲ್ಲ, ಬೇರು ಆರುವಂತೆ ನೋಡಿಕೊಳ್ಳುವುದೇ ಕಷ್ಟ. ಅದಕ್ಕೇ ನನ್ನ ಹಸಿರುಮನೆಗೆ ಮೇಲೆ 200 ಮೈಕ್ರಾನಿನ ಯುವಿ ಪಾಲಿಥೀನ್ ಹೊದಿಸಿದ್ದರೂ ಸುತ್ತ ಬರೀ ನೆರಳು ಪರದೆ ಕಟ್ಟಿದ್ದೇನೆ. ಬದಿ ಮುಚ್ಚಿದರೆ ಗಾಳಿ ನಿಂತು ಕೊಳೆ ಶುರುವಾಗುತ್ತದೆ. ಮಳೆಗಾಲಕ್ಕೆ ಶೇ. 50 ನೆರಳು ಕೊಡುವ ಪರದೆ ಸಾಕು. ಫೆಬ್ರವರಿ ಬಿಸಿಲಿಗೆ ಇನ್ನೊಂದು ಪದರ ಎಳೆಯುತ್ತೇನೆ.

ಸೀತಾಳೆ ದಂಡೆ, ಏರಿಡಿಸ್ ಕ್ರಿಸ್ಪಾದಂಥ ಮರದ ಮೇಲೆ ಬೆಳೆಯುವ ಆರ್ಕಿಡ್‌ಗಳನ್ನು ಕುಂಡಕ್ಕೆ ಹಾಕುವುದಿಲ್ಲ. ಹಳೇ ಕಾಫಿ ಗಿಡದ ಕಾಂಡಕ್ಕೆ ಕಟ್ಟುತ್ತೇನೆ. ಆ ಮರ ಗಟ್ಟಿ, ಬೇಗ ಲಡ್ಡಾಗುವುದಿಲ್ಲ. ಸುಳಿಯಲ್ಲಿ ನೀರು ನಿಲ್ಲದಂತೆ ಗಿಡವನ್ನು ಓರೆಯಾಗಿ ಕಟ್ಟಬೇಕು. ಕುಂಡಕ್ಕೆ ಹೋಗುವವಕ್ಕೆ 2–3 ಸೆಂ.ಮೀ. ಗಾತ್ರದ ಇದ್ದಿಲು, ಹೆಂಚಿನ ಚೂರು ಅಷ್ಟೇ. ತೆಂಗಿನ ಸಿಪ್ಪೆ ಬೇಸಿಗೆಯಲ್ಲಿ ಚೆನ್ನ, ನಮ್ಮ ಆಷಾಢದಲ್ಲಿ ಹಿಂಡಿದರೆ ನೀರು ಸುರಿಯುವಷ್ಟು ನೆನೆದು ಬೇರು ತಿನ್ನುತ್ತದೆ.

ಯಾವಾಗ ನೀರು ಹಾಕಬೇಕೆಂದು ಗಿಡದ ಬೇರೇ ಹೇಳುತ್ತದೆ. ಹೊರಪದರವಾದ ವೆಲಮೆನ್ ಒಣಗಿದಾಗ ಬೆಳ್ಳಿಬೂದಿ ಬಣ್ಣ, ನೀರು ತಾಕಿದ ಸ್ವಲ್ಪ ಹೊತ್ತಿಗೇ ಒಳಗಿನ ಹಸಿರು ಕಾಣುತ್ತದೆ. ಪೂರ್ತಿ ಬೂದಿಯಾಗುವ ತನಕ ಕಾಯಿರಿ. ಬೇರಿನ ತುದಿ ಹಸಿರಾಗಿ, ಮೇಣದಂತೆ ಹೊಳೆಯುತ್ತಿದ್ದರೆ ಗಿಡ ಬೆಳೆಯುತ್ತಿದೆ. ಆಗ ಮಾತ್ರ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ) ಗೊಬ್ಬರ, ಲೀಟರಿಗೆ 1 ಗ್ರಾಂ, ವಾರಕ್ಕೊಮ್ಮೆ. ತುದಿ ಬಿಳಿಯಾಗಿ ಮುಚ್ಚಿಕೊಂಡರೆ ಗೊಬ್ಬರ ಬಂದ್. ನೀರು ಮಳೆಯದ್ದೇ ಒಳ್ಳೆಯದು, ಬೋರ್‌ವೆಲ್ ನೀರಿನ ಉಪ್ಪು ಇದ್ದಿಲ ಮೇಲೆ ಬೆಳ್ಳಗೆ ಕೂರುತ್ತದೆ.

ಡೆಂಡ್ರೋಬಿಯಂ ಒವೇಟಮ್ ಎಂಬ ಆರ್ಕಿಡ್ ಮಳೆ ಮುಗಿದ ಮೇಲೆ ಎಲೆ ಉದುರಿಸಿ ಬರೀ ಕಡ್ಡಿಯಾಗುತ್ತದೆ. ಸತ್ತಿತೆಂದು ನೀರು ಸುರಿಯಬೇಡಿ. ಕಾಂಡ ತೀರಾ ಸುಕ್ಕಾಗದಷ್ಟು ಬೆಳಗಿನ ಇಬ್ಬನಿಯಂಥ ಸಿಂಪಡಣೆ ಸಾಕು. ಆ ಬೋಳು ಕಡ್ಡಿಯ ಗಿಣ್ಣುಗಳಿಂದಲೇ ಕೆನೆಬಿಳಿ ಹೂ ಹೊರಡುತ್ತದೆ.

ನೋಡುವ ಖುಷಿಗೆಂದೇ ಒಂದು ಗಿಡ ಸಾಕುವುದಾದರೆ ಡೆಂಡ್ರೋಬಿಯಂ ಕ್ರುಮೆನೇಟಮ್ ಇಡಿ. ಮೂಲ ಆಗ್ನೇಯ ಏಷ್ಯಾ. ಮೊಗ್ಗು ಸಣ್ಣದಾಗಿ ಸುಮ್ಮನೆ ಕೂತಿರುತ್ತದೆ. ಮಳೆ ಸುರಿದು ತಾಪಮಾನ ಸುಮಾರು 5 ಡಿಗ್ರಿ ಥಟ್ಟನೆ ಇಳಿದರೆ, ಸುಮಾರು 9 ದಿನಕ್ಕೆ ಎಲ್ಲ ಹೂ ಒಟ್ಟಿಗೇ ಅರಳುತ್ತವೆ. ಸೊಗಸಾದ ಪರಿಮಳ, ಬಾಳಿಕೆ ಒಂದೇ ದಿನ. ಏಪ್ರಿಲ್‌ನ ಮೊದಲ ಗುಡುಗುಮಳೆಯ ದಿನಾಂಕ ಬರೆದಿಟ್ಟು ಎಣಿಸಿ ನೋಡಿ. ಕನಿಷ್ಠ-ಗರಿಷ್ಠ ತಾಪಮಾಪಕ ಇಲ್ಲದ ಆರ್ಕಿಡ್ ಮನೆ ನನ್ನ ಲೆಕ್ಕದಲ್ಲಿ ಅರ್ಧ ಕುರುಡು.

ಫೆಲನಾಪ್ಸಿಸ್ ಆರ್ಕಿಡ್‌ನ ಸುಳಿಯಲ್ಲಿ ಕಪ್ಪು, ನೀರುನೀರಾದ ಕಲೆ ಕಂಡರೆ ಕಾದ ಬ್ಲೇಡಿನಿಂದ ಆರೋಗ್ಯವಂತ ಭಾಗದವರೆಗೂ ಕತ್ತರಿಸಿ ದಾಲ್ಚಿನ್ನಿ ಪುಡಿ ಹಚ್ಚಿ, ಬೇರಿಗೆ ತಾಗದಂತೆ.

ತೋಟದ ನಡುವೆ ಗಿಡ ಇಟ್ಟವರು ಮರೆಯಬಾರದ್ದು ಬೋರ್ಡೋ, ಅಂದರೆ ತಾಮ್ರವಿರುವ ಮೈಲುತುತ್ತು-ಸುಣ್ಣದ ದ್ರಾವಣ. ಡೆಂಡ್ರೋಬಿಯಂಗೆ ತಾಮ್ರ ಆಗಿಬರುವುದಿಲ್ಲ. ಎಳೆ ಚಿಗುರು ಸುಡುತ್ತದೆ. ಮೆಣಸು, ಕಾಫಿಗೆ ಹೊಡೆಯುವ ದಿನ ಗಾಳಿ ಬರುವ ಬದಿಗೆ ಟಾರ್ಪಾಲು ಇಳಿಬಿಟ್ಟು, ಸಿಂಪಡಣೆ ಮುಗಿದ ಕೂಡಲೇ ಬಿಚ್ಚಿಬಿಡುತ್ತೇನೆ.