ಟರ್ಕಿ ಕೋಳಿಗೆ ಉಪ್ಪು ಮಂಗಳವಾರವೇ ಬೀಳಬೇಕು

ಅಮೆರಿಕದಲ್ಲಿ ನವೆಂಬರ್ ತಿಂಗಳ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್. ಇಲ್ಲಿರುವ ಕನ್ನಡಿಗರಲ್ಲಿ ಮಾಂಸ ತಿನ್ನುವ ಅನೇಕರ ಮನೆಯಲ್ಲಿ ಅಂದು ಒಂದು ಇಡೀ ಟರ್ಕಿ ಕೋಳಿ ಓವನ್‌ಗೆ ಹೋಗುತ್ತದೆ. ಇಂಥ ಊಟಗಳಲ್ಲಿ ನಾನು ವರ್ಷವರ್ಷವೂ ಕಂಡದ್ದು ಒಂದೇ ಬಗೆಯ ಹಕ್ಕಿ. ಹೊರಗೆ ಕೆಂಪಗೆ ಹೊಳೆಯುವ ಚರ್ಮ, ಅದರ ಮೇಲೆ ಮನೆಯ ಮಸಾಲೆ ಡಬ್ಬಿಯಲ್ಲಿದ್ದದ್ದೆಲ್ಲ. ಕೊಯ್ದರೆ ಒಳಗೆ ಬೆಳ್ಳಗೆ, ಸಪ್ಪೆಯಾಗಿ, ಎಳೆಎಳೆಯಾಗಿ ಒಣಗಿದ ಮಾಂಸ. ಬೆಳಗಿನಿಂದ ಒಲೆಯ ಮುಂದೆ ನಿಂತವರ ಮುಖ ನೋಡಲು ಆಗುವುದಿಲ್ಲ. ಕೊನೆಗೆ ‘ಟರ್ಕಿಗೆ ರುಚಿಯೇ ಇಲ್ಲ’ ಎಂದು ಎಲ್ಲರೂ ಒಪ್ಪಿಕೊಳ್ಳುತ್ತಾರೆ. ಅದು ತಪ್ಪು. ರುಚಿ ಇದೆ, ಉಪ್ಪು ಹಾಕಿದ್ದು ತಡವಾಗಿದೆ.

ನಮ್ಮ ಕೋಳಿ ಅಡುಗೆಯಲ್ಲಿ ಮಾಂಸವನ್ನು ಸಣ್ಣಗೆ ತುಂಡು ಮಾಡುತ್ತೇವೆ, ಸಾರಿನಲ್ಲಿ ಬೇಯಿಸುತ್ತೇವೆ. ಉಪ್ಪು ಖಾರಗಳನ್ನು ತುಂಡಿಗೆ ಮುಟ್ಟಿಸುವ ಕೆಲಸ ಸಾರಿನದು. ಇಡೀ ಹಕ್ಕಿಗೆ ಆ ಸಾರಿಲ್ಲ. ಸಾಲದ್ದಕ್ಕೆ, ಇಲ್ಲಿನ ಅಂಗಡಿಗಳಲ್ಲಿ ಸಿಗುವ ಬಹುಪಾಲು ಟರ್ಕಿ ಬ್ರಾಡ್ ಬ್ರೆಸ್ಟೆಡ್ ವೈಟ್ ಎಂಬ ತಳಿಯದು. ಎದೆ ದಪ್ಪವಾಗಲೆಂದೇ ಬೆಳೆಸಿದ್ದು. ಆ ದಪ್ಪ ಎದೆಯಲ್ಲಿ ಕೊಬ್ಬು ತೀರ ಕಡಿಮೆ. ಮೇಲೆ ಎಷ್ಟೇ ಮಸಾಲೆ ಬಳಿದರೂ, ರಾತ್ರಿಯಿಡೀ ನೆನೆಸಿದರೂ, ಅದು ಮೇಲ್ಪದರ ದಾಟಿ ಹೆಚ್ಚು ಒಳಗಿಳಿಯುವುದಿಲ್ಲ. ಆಳಕ್ಕೆ ಇಳಿಯುವುದು ಉಪ್ಪು. ಅದು ಮೊದಲು ಮಾಂಸದ ನೀರನ್ನು ಹೊರಗೆಳೆಯುತ್ತದೆ, ಆ ನೀರಿನಲ್ಲೇ ಕರಗುತ್ತದೆ, ಆಮೇಲೆ ನಿಧಾನವಾಗಿ ಒಳಕ್ಕೆ ಹಿಂತಿರುಗುತ್ತದೆ. ಒಳಗೆ ಹೋಗಿ ಸ್ನಾಯುವಿನ ಪ್ರೋಟೀನನ್ನು ಸಡಿಲಿಸುವುದರಿಂದ ಬೇಯುವಾಗ ಮಾಂಸ ಹಿಂಡಿಕೊಂಡು ನೀರು ಬಿಡುವುದು ಕಡಿಮೆಯಾಗುತ್ತದೆ. ಇದಕ್ಕೆ ಒಂದೂವರೆ ದಿನವಾದರೂ ಬೇಕು.

ಅಂಗಡಿಯಲ್ಲಿ

ಹಕ್ಕಿಯ ಹೊದಿಕೆಯ ಮೇಲಿನ ಸಣ್ಣ ಅಕ್ಷರಗಳನ್ನು ಓದಿ. ಹೆಪ್ಪುಗಟ್ಟಿಸಿ ಮಾರುವ ಅಗ್ಗದ ಟರ್ಕಿಗಳಲ್ಲಿ ಹಲವಕ್ಕೆ ಕಾರ್ಖಾನೆಯಲ್ಲೇ ಉಪ್ಪುನೀರು ಚುಚ್ಚಿರುತ್ತಾರೆ. ಶೇಕಡಾ ಎಷ್ಟು ಎಂಬುದು ಅಲ್ಲೇ ಬರೆದಿರುತ್ತದೆ. ಯಹೂದಿ ವಿಧಿಯಂತೆ ಸಿದ್ಧಪಡಿಸಿದ ಕೋಷರ್ ಟರ್ಕಿಗೂ ಮೊದಲೇ ಉಪ್ಪು ಬಿದ್ದಿರುತ್ತದೆ. ಇವೆರಡಕ್ಕೂ ನಾನು ಹೇಳುವ ಲೆಕ್ಕ ಹಾಕಿದರೆ ಬಾಯಿಗಿಡಲಾಗದು. ಏನೂ ಸೇರಿಸದ ಹಕ್ಕಿಯನ್ನೇ ಕೊಳ್ಳಿ. ತುಸು ದುಬಾರಿಯಾದರೂ ಉಪ್ಪು ನಿಮ್ಮ ಕೈಯಲ್ಲಿರುತ್ತದೆ. 12 ಪೌಂಡ್, ಅಂದರೆ ಸುಮಾರು ಐದೂವರೆ ಕಿಲೋ, ಎಂಟು ಹತ್ತು ಜನರಿಗೆ ಸಾಕು. ಟರ್ಕಿಗೆಂದೇ ಮಾರುವ ಮಸಾಲೆ ಪೊಟ್ಟಣಗಳನ್ನು ಮುಟ್ಟಬೇಡಿ. ಅವುಗಳಲ್ಲಿ ಅನೇಕವು ಉಪ್ಪಿನಿಂದಲೇ ತುಂಬಿರುತ್ತವೆ, ಎಷ್ಟು ಹಾಕಿದಿರಿ ಎಂಬ ಲೆಕ್ಕವೇ ಸಿಗುವುದಿಲ್ಲ.

ಶನಿವಾರ

ಹೆಪ್ಪುಗಟ್ಟಿದ ಹಕ್ಕಿಯನ್ನು ಫ್ರಿಜ್ಜಿನ ಕೆಳಗಿನ ಅರೆಗೆ ಇಳಿಸಿ, ಅಡಿಯಲ್ಲಿ ಅಗಲವಾದ ಟ್ರೇ ಇಡಿ. ಪ್ರತಿ ನಾಲ್ಕೈದು ಪೌಂಡಿಗೆ ಒಂದು ದಿನ ಬೇಕು.

ಮಂಗಳವಾರ ಸಂಜೆ

ಕೆಲಸವೆಲ್ಲ ಇರುವುದು ಇಲ್ಲಿ. ಒಂದು ಗಂಟೆ ಬಿಡುವು ಮಾಡಿಕೊಳ್ಳಿ, ಉಂಗುರ ಬಳೆಗಳನ್ನು ತೆಗೆದಿಡಿ.

ಹೊಟ್ಟೆಯ ಟೊಳ್ಳಿಗೆ ಕೈಹಾಕಿ ಕತ್ತಿನ ತುಂಡನ್ನು ತೆಗೆಯಿರಿ. ಕತ್ತಿನ ಕಡೆಯ ಚರ್ಮದ ಮಡಿಕೆಯನ್ನೂ ಎತ್ತಿ ನೋಡಿ, ಪಿತ್ತಜನಕಾಂಗ ಮೊದಲಾದವುಗಳ ಚೀಲವನ್ನು ಸಾಮಾನ್ಯವಾಗಿ ಅಲ್ಲಿ ತುರುಕಿರುತ್ತಾರೆ. ಚೀಲದ ಸಮೇತ ಹುರಿದ ಹಕ್ಕಿಯನ್ನು ನಾನು ಎರಡು ಮನೆಗಳಲ್ಲಿ ನೋಡಿದ್ದೇನೆ.

ಇನ್ನು ತೊಳೆಯುವ ಮಾತು. ಅರಿಶಿನ ಹಾಕಿ ಮೂರು ನೀರಿನಲ್ಲಿ ತೊಳೆಯದೆ ಮಾಂಸವನ್ನು ಮುಟ್ಟುವುದು ನಮ್ಮವರಿಗೆ ಆಗದು ಎಂದು ಬಲ್ಲೆ. ಆದರೂ ತೊಳೆಯಬೇಡಿ. ಇಷ್ಟು ದೊಡ್ಡ ಹಕ್ಕಿಯನ್ನು ನಲ್ಲಿಯ ಕೆಳಗೆ ಹಿಡಿದರೆ ಸಿಡಿಯುವ ನೀರಿನ ಜೊತೆ ಸಾಲ್ಮೊನೆಲ್ಲಾದಂಥ ರೋಗಾಣುಗಳು ಪಕ್ಕದಲ್ಲಿಟ್ಟ ಪಾತ್ರೆ, ಸೊಪ್ಪು, ತಟ್ಟೆಗಳಿಗೆಲ್ಲ ಹರಡುತ್ತವೆ. ಅಮೆರಿಕದ ಕೃಷಿ ಇಲಾಖೆಯ ಸಲಹೆಯೂ ಇದೇ. ಓವನ್ನಿನ ಬಿಸಿ ಆ ಕೆಲಸವನ್ನು ನೀರಿಗಿಂತ ಚೆನ್ನಾಗಿ ಮಾಡುತ್ತದೆ. ಕಾಗದದ ಟವೆಲಿನಿಂದ ಒಳಗೂ ಹೊರಗೂ ಒತ್ತಿ ಒತ್ತಿ ಒರೆಸಿ, ಒದ್ದೆ ಇರಬಾರದು.

ಉಪ್ಪನ್ನು ತೂಗಿ. ಪ್ರತಿ ಕಿಲೋ ಹಕ್ಕಿಗೆ 8ರಿಂದ 9 ಗ್ರಾಂ. 12 ಪೌಂಡಿನದಕ್ಕೆ 48 ಗ್ರಾಂ. ತಕ್ಕಡಿ ಇಲ್ಲದಿದ್ದರೆ ಪುಡಿ ಉಪ್ಪು ಎಂಟು ಟೀ ಚಮಚ, ತಲೆ ಸವರಿ. ಅಮೆರಿಕದ ಅಡುಗೆ ಬರಹಗಳು ಹೇಳುವ ‘ಕೋಷರ್ ಉಪ್ಪು’ ದೊಡ್ಡ ಹರಳಿನದು. ಒಂದು ಕಂಪನಿಯದಕ್ಕೂ ಇನ್ನೊಂದರದಕ್ಕೂ ಚಮಚದ ತೂಕದಲ್ಲಿ ಒಂದೂವರೆ ಪಟ್ಟು ವ್ಯತ್ಯಾಸವಿರುತ್ತದೆ. ಅವರು ಹೇಳಿದಷ್ಟೇ ಚಮಚ ಪುಡಿ ಉಪ್ಪು ಹಾಕಿ ಕೆಡಿಸಿಕೊಂಡವರು ಬಹಳ.

ಈಗ ಚರ್ಮ ಬಿಡಿಸುವುದು. ಉಪ್ಪು ಬೀಳಬೇಕಾದದ್ದು ಮಾಂಸದ ಮೇಲೆ. ಚರ್ಮದಡಿಯ ಕೊಬ್ಬು ದಾಟಿ ಉಪ್ಪು ಒಳಗೆ ಇಳಿಯುವುದು ಕಷ್ಟ. ಎದೆ ಮೇಲಾಗಿ, ಹೊಟ್ಟೆಯ ತೂತು ನಿಮ್ಮ ಕಡೆಗೆ ಇರುವಂತೆ ಇಟ್ಟುಕೊಳ್ಳಿ. ತೂತಿನ ಮೇಲಂಚಿನಲ್ಲಿ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿದರೆ ಅದಕ್ಕೂ ಮಾಂಸಕ್ಕೂ ನಡುವೆ ಈರುಳ್ಳಿ ಪೊರೆಯಂಥ ತೆಳುವಾದ ಪದರ ಕಾಣುತ್ತದೆ. ಬೆರಳ ತುದಿಯಿಂದ ಅದನ್ನು ಬಿಡಿಸುತ್ತಾ ಹೋಗಿ. ಉಗುರು ಚರ್ಮದ ಕಡೆಗೆ ತಿರುಗಬಾರದು. ಬೆರಳ ಮೃದುಭಾಗ ಚರ್ಮಕ್ಕೆ, ಉಗುರು ಮಾಂಸಕ್ಕೆ. ಎದೆಮೂಳೆಯ ಏಣಿನ ಮೇಲೆ ಚರ್ಮ ಗಟ್ಟಿಯಾಗಿ ಅಂಟಿರುತ್ತದೆ, ಹರಿಯುವುದು ಅಲ್ಲಿಯೇ. ಮೊದಲು ಎಡಗಡೆ, ಬಲಗಡೆ ಎರಡು ಜೇಬುಗಳನ್ನು ಮಾಡಿಕೊಂಡು ಆಮೇಲೆ ನಡುವಿನ ಪೊರೆಯನ್ನು ಎರಡೂ ಕಡೆಯಿಂದ ಮೆಲ್ಲಗೆ ಬಿಡಿಸಿ. ಕೈ ನುಗ್ಗದಿದ್ದರೆ ಚಮಚದ ಉಬ್ಬು ಮೇಲಾಗಿರುವಂತೆ ತಿರುಗಿಸಿ ತಳ್ಳಿ. ಎದೆಯ ಬದಿಯಿಂದ ಕೆಳಗೆ ಜಾರಿದರೆ ತೊಡೆ ಸಿಗುತ್ತದೆ. ಕಾಲಿನ ಮೇಲ್ಭಾಗದವರೆಗೆ ಹೋಗಿ ನಿಲ್ಲಿಸಿ. ಕಾಲ ತುದಿಯ ಚರ್ಮವನ್ನು ಬಿಡಿಸಲು ಹೋಗಬೇಡಿ. ಎಲ್ಲಾದರೂ ಹರಿದರೆ ಹಲ್ಲುಕಡ್ಡಿಯಿಂದ ಹೊಲಿದಂತೆ ಸೇರಿಸಿ.

48 ಗ್ರಾಂ ಉಪ್ಪಿನಲ್ಲಿ ಅರ್ಧ ಎದೆಗೆ, ಚರ್ಮದಡಿ. ಅದರಲ್ಲೂ ಕತ್ತಿನ ಕಡೆಯ ದಪ್ಪ ಭಾಗಕ್ಕೆ ಹೆಚ್ಚು, ತೂತಿನ ಕಡೆಯ ತೆಳು ಭಾಗಕ್ಕೆ ಕಡಿಮೆ. ಕಾಲು ಪಾಲು ತೊಡೆ ಕಾಲುಗಳಿಗೆ. ಉಳಿದದ್ದರಲ್ಲಿ ಅರ್ಧ ಹೊಟ್ಟೆಯ ಒಳಗೆ. ಕೊನೆಯ ಆ ಒಂದು ಟೀ ಚಮಚಕ್ಕೆ ಎರಡು ಟೀ ಚಮಚ ಬೇಕಿಂಗ್ ಪೌಡರ್ ಬೆರೆಸಿ ಚರ್ಮದ ಮೇಲೆ ತೆಳ್ಳಗೆ ಸವರಿ. ಚರ್ಮ ಗರಿಗರಿಯಾಗಿ ಕೆಂಪೇರುತ್ತದೆ. ಬೇಕಿಂಗ್ ಸೋಡಾ ಅಲ್ಲ, ಅದು ಸಾಬೂನಿನ ರುಚಿ ಬಿಡುತ್ತದೆ. ಉಪ್ಪನ್ನು ಒಂದೇ ಕಡೆ ಸುರಿದು ಹರಡಲು ಹೋಗಬೇಡಿ. ಚಿಟಿಕೆ ಚಿಟಿಕೆಯಾಗಿ ಒಳಗೊಯ್ದು ಒತ್ತಿ.

ಮುಚ್ಚದೆ ಫ್ರಿಜ್ಜಿನಲ್ಲಿಡಿ, ಕೆಳಗಿನ ಅರೆಯಲ್ಲೇ. ಹಿಟ್ಟು ಮೊಸರುಗಳು ಮೇಲಿರಲಿ.

ದೊಡ್ಡ ಬಕೆಟ್ಟಿನ ಉಪ್ಪುನೀರಿನಲ್ಲಿ ಮುಳುಗಿಸುವವರೂ ಇದ್ದಾರೆ. ನನಗೆ ಅದು ಸೇರದು. ಒಳಗೆ ಹೋಗುವುದು ನಲ್ಲಿ ನೀರು; ಮಾಂಸ ಮೃದುವಾದರೂ ರುಚಿ ತೆಳುವಾಗುತ್ತದೆ, ಚರ್ಮ ಮೆತ್ತಗಾಗುತ್ತದೆ. ಮಂಗಳವಾರ ತಪ್ಪಿಹೋಯಿತೆಂದಾದರೆ ಬುಧವಾರ ಬೆಳಿಗ್ಗೆ ಹಾಕಿ. ಅದೂ ತಪ್ಪಿದರೆ ಗುರುವಾರ ಬೆಳಿಗ್ಗೆ ಹಕ್ಕಿಯನ್ನು ಎದೆ, ಕಾಲು ಎಂದು ಬಿಡಿಸಿ ಉಪ್ಪು ಹಚ್ಚಿ ಹುರಿಯಿರಿ. ಮೇಜಿನ ಮೇಲೆ ಇಡೀ ಹಕ್ಕಿಯ ನೋಟ ಇರುವುದಿಲ್ಲ, ತಿನ್ನಲು ಚೆನ್ನಾಗಿರುತ್ತದೆ.

ಗುರುವಾರ ಬೆಳಿಗ್ಗೆ

ಚರ್ಮ ಒಣಗಿ ಬಿಗಿಯಾಗಿ ಕಾಣುತ್ತದೆ. ಹಾಗೆಯೇ ಇರಬೇಕು. ತೊಳೆಯಬೇಡಿ, ಒರೆಸಬೇಡಿ.

ಮಸಾಲೆಯ ಸರದಿ ಈಗ, ಬೆಣ್ಣೆಯ ಜೊತೆ. ಉಪ್ಪಿಲ್ಲದ ಬೆಣ್ಣೆ 115 ಗ್ರಾಂ, ಆಗಷ್ಟೇ ಕುಟ್ಟಿದ ಕಾಳುಮೆಣಸು ಎರಡು ಟೀ ಚಮಚ, ಹುರಿದು ಪುಡಿ ಮಾಡಿದ ಕೊತ್ತಂಬರಿ ಬೀಜ ಒಂದು ಚಮಚ, ಆರೆಸಳು ಜಜ್ಜಿದ ಬೆಳ್ಳುಳ್ಳಿ, ಥೈಮ್ ಎಲೆ. ಕೊಡಗಿನ ಮೆಣಸಿದ್ದರೆ ಬೇರೆ ಖಾರ ಬೇಡ. ಇದನ್ನು ಬಿಡಿಸಿದ ಚರ್ಮದಡಿಗೆ ತಳ್ಳಿ ಮೇಲಿನಿಂದ ಒತ್ತಿ ಹರಡಿ. ಚರ್ಮದ ಮೇಲೆ ಬೆಣ್ಣೆ ಬೇಡ, ಅದರಲ್ಲಿರುವ ನೀರು ಎರಡು ದಿನ ಒಣಗಿಸಿದ್ದನ್ನು ಮತ್ತೆ ನೆನೆಸುತ್ತದೆ. ಬರೀ ಎಣ್ಣೆ ಸವರಿ. ಗರಂ ಮಸಾಲೆಯನ್ನೂ ಮೊಸರನ್ನೂ ದೂರವಿಡಿ. ಮೂರು ಗಂಟೆಯ ಒಣ ಬಿಸಿಗೆ ಲವಂಗ ಚಕ್ಕೆ ಕಹಿಯಾಗುತ್ತವೆ, ಮೊಸರು ಹೊರಗೆ ಸೀದು ಚರ್ಮವನ್ನು ಮೆತ್ತಗಿಡುತ್ತದೆ.

325 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಸುಮಾರು ಮೂರು ಗಂಟೆ. ಹಕ್ಕಿಯ ಎದೆಗೆ ಚುಚ್ಚಿ ಬರುವ ಪ್ಲಾಸ್ಟಿಕ್ ಸೂಚಕವನ್ನು ನಂಬಬೇಡಿ, ಅದು ಮೇಲೇಳುವ ಹೊತ್ತಿಗೆ ಎದೆ ಒಣಗಿರುವುದೇ ಹೆಚ್ಚು. ಥರ್ಮಾಮೀಟರ್ ಕೊಳ್ಳಿ, ಎದೆಯಲ್ಲೂ ತೊಡೆಯಲ್ಲೂ ದಪ್ಪ ಭಾಗದ ನಡುವೆ, ಮೂಳೆಗೆ ತಾಗದಂತೆ, 165 ಡಿಗ್ರಿ ತೋರಿಸಬೇಕು. ಹೊರತೆಗೆದು ಅರ್ಧ ಗಂಟೆ ಮುಟ್ಟದೆ ಬಿಡಿ.

ಟ್ರೇಯಲ್ಲಿ ಇಳಿದ ರಸದಲ್ಲಿ ಆಗಲೇ ಉಪ್ಪಿರುತ್ತದೆ. ಕತ್ತಿನ ತುಂಡನ್ನು ಬೇಯಿಸಿದ ನೀರನ್ನು ಉಪ್ಪಿಲ್ಲದೆಯೇ ಅದಕ್ಕೆ ಸೇರಿಸಿ, ಹಿಟ್ಟು ಹುರಿದು ಗ್ರೇವಿ ಮಾಡಿ, ಕುದಿದ ಮೇಲೆ ರುಚಿ ನೋಡಿ. ಇಲ್ಲಿನವರು ವೈನ್ ಹಾಕುವ ಜಾಗದಲ್ಲಿ ನಾನು ಊರಿನಿಂದ ತಂದ ಕಾಚಂಪುಳಿಯನ್ನು, ಅಂದರೆ ಕೊಡಗಿನ ಕಪ್ಪು ಹುಳಿರಸವನ್ನು, ಹಾಕುತ್ತೇನೆ. ಇಷ್ಟು ಗ್ರೇವಿಗೆ ಅರ್ಧ ಟೀ ಚಮಚ. ಅದಕ್ಕಿಂತ ಹೆಚ್ಚಾದರೆ ಹುಳಿ ಮುಂದಾಗಿ ಬೆಣ್ಣೆಯ ರುಚಿ ಹಿಂದೆ ಬೀಳುತ್ತದೆ.