ಮೊದಲ ಪಿಸ್ತೂಲು ಕೊಳ್ಳುವ ಮುನ್ನ
ಲೈಸೆನ್ಸ್ ಬಂದಿದೆ, ಕೈಯಲ್ಲಿರುವ ದುಡ್ಡು ಅಷ್ಟಕ್ಕಷ್ಟೇ, ಯಾವ ಪಿಸ್ತೂಲು ತಗೊಳ್ಳಲಿ ಅನ್ನುವವರು ಮೊದಲು ಹಿಡಿದು ನೋಡಿ. ಬೆರಳು ಟ್ರಿಗರ್‌ಗೆ ಸಲೀಸಾಗಿ ಮುಟ್ಟದಿದ್ದರೆ, ಸ್ಲೈಡ್ (ಮೇಲೆ ಹಿಂದೆ-ಮುಂದೆ ಜಾರುವ ಭಾಗ) ಎಳೆಯಲು ತಿಣುಕಬೇಕಾದರೆ, ಎಂಥ ಹೆಸರಾಂತ ಬ್ರ್ಯಾಂಡ್ ಆದರೂ ಬಿಟ್ಟುಬಿಡಿ.

ಕಾನೂನು ಒಪ್ಪುವ ಕಡೆ 9 ಎಂಎಂ ಗುಂಡಿನ ಪಿಸ್ತೂಲು ಸಾಕು. ಒದೆತ ಕಡಿಮೆ, ಗುಂಡೂ ಅಗ್ಗ. ಅಭ್ಯಾಸ ಮಾಡಲಾಗದಷ್ಟು ದುಬಾರಿ ಗುಂಡಿನ ಪಿಸ್ತೂಲು ಪೆಟ್ಟಿಗೆಯಲ್ಲೇ ಕೂರುತ್ತೆ.

ಹೊಸ ಅಗ್ಗದ ಮಾಲಿಗಿಂತ ಪಳಗಿದ ವಿನ್ಯಾಸದ ಸೆಕೆಂಡ್ ಹ್ಯಾಂಡ್ ಮೇಲು ಅಂತ ನನ್ನ ಲೆಕ್ಕ. 1975ರಲ್ಲಿ ಬಂದ ಸಿಝಡ್ 75, 1982ರಲ್ಲಿ ಬಂದ ಗ್ಲಾಕ್ 17 ಮಾದರಿಗಳಿಗೆ ಬಿಡಿಭಾಗ, ಮ್ಯಾಗಜಿನ್ (ಗುಂಡು ತುಂಬುವ ಡಬ್ಬಿ) ಹುಡುಕಾಡಬೇಕಿಲ್ಲ. ಹೊರಗಿನ ಗೀರುಗಳಿಗೆ ಹೆದರಬೇಡಿ, ಬಹುಪಾಲು ಹೋಲ್‌ಸ್ಟರ್‌ನಲ್ಲಿ (ಪಿಸ್ತೂಲು ಇಡುವ ಒರೆ) ಉಜ್ಜಿ ಆದವು. ಮ್ಯಾಗಜಿನ್ ತೆಗೆದು, ಚೇಂಬರ್ (ಬ್ಯಾರೆಲ್‌ನ ಹಿಂತುದಿಯಲ್ಲಿ ಗುಂಡು ಕೂರುವ ಜಾಗ) ಖಾಲಿ ಇದೆಯೆಂದು ಕಣ್ಣಾರೆ ನೋಡಿ, ಆಮೇಲೆ ಬಿಚ್ಚಿಸಿ. (ಗ್ಲಾಕ್ ಬಿಚ್ಚಲು ಟ್ರಿಗರ್ ಎಳೆಯಲೇಬೇಕು, ಹುಷಾರು.) ಬ್ಯಾರೆಲ್ ಒಳಗಿನ ಸುರುಳಿ ಗೆರೆ ಸವೆದಿದೆಯಾ, ತುಕ್ಕು ತಿಂದ ಗುಳಿ ಇದೆಯಾ, ಸ್ಲೈಡ್ ಜಾರುವ ಫ್ರೇಮಿನ ಹಳಿಯಲ್ಲಿ ಬಿರುಕು ಬಿಟ್ಟಿದೆಯಾ ನೋಡಿ. ಸ್ಲೈಡನ್ನು ಮತ್ತೆ ಮುಂದಕ್ಕೆ ತಳ್ಳುವ ರಿಕಾಯ್ಲ್ ಸ್ಪ್ರಿಂಗ್ ಹೇಗೂ ಬದಲಿಸಿ, ದೊಡ್ಡ ಖರ್ಚಲ್ಲ. ಗುಂಡು ಪದೇ ಪದೇ ಸಿಕ್ಕಿಕೊಂಡರೆ ಪಿಸ್ತೂಲನ್ನು ಬೈಯುವ ಮೊದಲು ಬೇರೆ ಮ್ಯಾಗಜಿನ್ ಹಾಕಿ ನೋಡಿ.

ಬೀಗದ ಪೆಟ್ಟಿಗೆ, ಕಿವಿಯ ರಕ್ಷಣೆ, ತರಬೇತಿಯ ಖರ್ಚನ್ನು ಬಜೆಟ್‌ನಿಂದ ಮೊದಲೇ ಎತ್ತಿಡಿ. ಉಳಿದದ್ದರಲ್ಲಿ ಪಿಸ್ತೂಲು.